ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋದ ಮನೆತನದ ಹೆಸರಿನ ಮೂಲ ಹುಡುಕುವುದು: ಸಮಗ್ರ ಮಾರ್ಗದರ್ಶಿ

ಅಬ್ರಹಾಂ ಲಿಂಕನ್ ಅವರಿಗೆ ತಮ್ಮ ಮನೆತನದ ಮೂಲ ಗೊತ್ತಿರಲಿಲ್ಲ. 1859ರ ಡಿಸೆಂಬರಿನಲ್ಲಿ ಬರೆದುಕೊಟ್ಟ ಪುಟ್ಟ ಆತ್ಮವೃತ್ತದಲ್ಲಿ ಅವರು ಹೇಳಿದ್ದು ಇಷ್ಟೇ: ಅಜ್ಜ ವರ್ಜೀನಿಯಾದ ರಾಕಿಂಗ್‌ಹ್ಯಾಮ್ ಕೌಂಟಿಯಿಂದ ಕೆಂಟಕಿಗೆ ಬಂದವರು, ಅವರ ಹಿರಿಯರು ಪೆನ್ಸಿಲ್ವೇನಿಯಾದ ಬರ್ಕ್ಸ್ ಕೌಂಟಿಯವರು. ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿನಲ್ಲಿದ್ದ ಅದೇ ಹೆಸರಿನ ಮನೆತನದ ಜೊತೆ ನಂಟು ಹುಡುಕಲು ಹೋದವರಿಗೆ ಎರಡೂ ಕಡೆ ಎನಾಕ್, ಲೀವೈ, ಮಾರ್ಡೆಕೈ, ಸಾಲಮನ್, ಅಬ್ರಹಾಂ ಎಂಬ ಹೆಸರುಗಳು ಮರುಕಳಿಸುವುದು ಬಿಟ್ಟರೆ ಬೇರೇನೂ ಸಿಗಲಿಲ್ಲ. ಆದರೆ ನಂಟು ನಿಜವಾಗಿಯೂ ಇತ್ತು. ವಿಲ್, ಕ್ರಯಪತ್ರ, ಚರ್ಚಿನ ಪುಸ್ತಕಗಳನ್ನು ಒಂದಕ್ಕೊಂದು ಜೋಡಿಸಿದ ಮೇಲೆ ಅದು ಇಂಗ್ಲೆಂಡಿನ ನಾರ್ಫೋಕ್ ಕೌಂಟಿಯ ಹಿಂಗಮ್ ಎಂಬ ಸಣ್ಣ ಊರಿಗೆ ಹೋಗಿ ಮುಟ್ಟಿತು. ಈ ಬರಹದಲ್ಲಿ ಅದೇ ಮನೆತನವನ್ನು ಉದಾಹರಣೆಯಾಗಿ ಹಿಡಿದು ಹೋಗೋಣ. ದಾರಿಯಲ್ಲಿ ಎಲ್ಲೆಲ್ಲಿ ಎಡವುತ್ತಾರೆ ಎಂಬುದೆಲ್ಲ ಅದರಲ್ಲೇ ಇದೆ.

ಮೊದಲು ಎರಡು ಪ್ರಶ್ನೆಗಳನ್ನು ಬೇರೆ ಮಾಡಿ

"ಈ ಹೆಸರು ಎಲ್ಲಿ ಹುಟ್ಟಿತು" ಎಂಬುದು ಒಂದು ಪ್ರಶ್ನೆ. "ಈ ಮನೆಯ ಮೊದಲಿಗ ಯಾವ ಊರಿನಿಂದ ಹಡಗು ಹತ್ತಿದ" ಎಂಬುದು ಇನ್ನೊಂದು. ಹುಡುಕಾಟಗಳು ಹಳ್ಳ ಹಿಡಿಯುವುದು ಹೆಚ್ಚಾಗಿ ಇವೆರಡನ್ನೂ ಒಂದೇ ಎಂದುಕೊಳ್ಳುವುದರಿಂದ. ಲಿಂಕನ್ ಎಂಬುದು ಲಿಂಕನ್‌ಶೈರಿನ ನಗರದ ಹೆಸರು, ರೋಮನ್ನರ ಕಾಲದ ಲಿಂಡಮ್ ಕೊಲೋನಿಯಾ. ಹಾಗಂತ ಅಮೆರಿಕದ ಲಿಂಕನ್ನರ ಮೂಲಪುರುಷನನ್ನು ಆ ನಗರದಲ್ಲಿ ಹುಡುಕಿದರೆ ಸಿಗುವುದಿಲ್ಲ. ಅವನು ಹೊರಟಿದ್ದು ನಾರ್ಫೋಕಿನಿಂದ.

ಇದರ ಕಾರಣ ನಮಗೆ ಚೆನ್ನಾಗಿ ಅರ್ಥವಾಗುತ್ತದೆ. ಹುನಗುಂದದಲ್ಲೇ ಇದ್ದವನನ್ನು ಹುನಗುಂದದವನು ಎಂದು ಯಾರೂ ಕರೆಯುವುದಿಲ್ಲ. ಅವನು ಊರು ಬಿಟ್ಟು ಹುಬ್ಬಳ್ಳಿಗೆ ಹೋದ ಮೇಲೆ ಅಲ್ಲಿನವರು ಹಾಗೆ ಗುರುತು ಹಿಡಿಯುತ್ತಾರೆ. ಇಂಗ್ಲೆಂಡಿನಲ್ಲೂ ಹಾಗೆಯೇ. ಊರಿನ ಹೆಸರು ಅಂಟಿಕೊಳ್ಳುವುದು ಊರಿನಿಂದಾಚೆ. ಆದ್ದರಿಂದ ಎರಡನೆಯ ಪ್ರಶ್ನೆಯನ್ನು ಮೊದಲು ಬಿಡಿಸಿಕೊಳ್ಳಿ. ಗೊತ್ತಿರುವ ಕೊನೆಯ ತಲೆಮಾರಿನಿಂದ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿಯಬೇಕು. ಮೇಲಿನಿಂದ, ಅಂದರೆ 'ಪ್ರಸಿದ್ಧ ಪೂರ್ವಜ'ನಿಂದ ಕೆಳಕ್ಕೆ ಬರಲು ಹೋಗಬೇಡಿ.

ಹೆಸರಿನ ರೂಪಗಳ ಪಟ್ಟಿ

ದಾಖಲೆ ತೆರೆಯುವ ಮುನ್ನ ಆ ಹೆಸರನ್ನು ಬೇರೆ ಬೇರೆ ಕಿವಿಗಳು ಹೇಗೆ ಕೇಳಿಸಿಕೊಂಡಿರಬಹುದು ಎಂದು ಬರೆದುಕೊಳ್ಳಿ. ಹತ್ತರಿಂದ ಇಪ್ಪತ್ತು ರೂಪಗಳಾದರೂ ಇರಲಿ. 18ನೇ ಶತಮಾನದವರೆಗೂ ಕಾಗುಣಿತ ಗಟ್ಟಿಯಾಗಿರಲಿಲ್ಲ. ಗುಮಾಸ್ತ ಕೇಳಿಸಿಕೊಂಡಂತೆ ಬರೆದ, ಅಷ್ಟೇ. ಲಿಂಕನ್ ಹೆಸರು 1637ರ ಪಟ್ಟಿಯಲ್ಲಿ 'ಲಿಂಕಾರ್ನ್', ಕೆಂಟಕಿಯ ಜಮೀನು ಕಾಗದದಲ್ಲಿ 'ಲಿಂಕ್‌ಹಾರ್ನ್'.

ಅಮೆರಿಕದ ದಾಖಲೆಗಳಲ್ಲಿ ಸೌಂಡೆಕ್ಸ್ ಎಂಬ ಸಂಕೇತ ಪದ್ಧತಿ ಸಿಗುತ್ತದೆ. ಹೆಸರಿನ ಮೊದಲ ಅಕ್ಷರ ಉಳಿಸಿಕೊಂಡು, ಮುಂದಿನ ವ್ಯಂಜನಗಳಿಗೆ 1ರಿಂದ 6ರವರೆಗಿನ ಅಂಕಿ ಕೊಟ್ಟು, ಸ್ವರಗಳನ್ನು ಬಿಟ್ಟು, ಒಟ್ಟು ಮೂರು ಅಂಕಿಗೆ ನಿಲ್ಲಿಸುವುದು ಅದರ ಕ್ರಮ. ಸ್ಮಿತ್ ಮತ್ತು ಸ್ಮೈತ್ ಎರಡಕ್ಕೂ ಎಸ್ 530 ಬರುತ್ತದೆ. ಆದರೆ ಇದನ್ನೇ ನಂಬಿ ಕೂರಬಾರದು. ಲಿಂಕನ್‌ಗೆ ಎಲ್ 524, ಲಿಂಕ್‌ಹಾರ್ನ್‌ಗೆ ಎಲ್ 526. ಒಂದೇ ಮನೆತನ, ಎರಡು ಬೇರೆ ಸಂಕೇತ. ಮೊದಲ ಅಕ್ಷರವೇ ಬದಲಾದರಂತೂ ಸೌಂಡೆಕ್ಸ್ ಕೈಬಿಟ್ಟಂತೆಯೇ. ಹುಡುಕು ಪೆಟ್ಟಿಗೆಯಲ್ಲಿ ನಕ್ಷತ್ರ ಚಿಹ್ನೆ ಹಾಕಿ ಅಕ್ಷರಗಳನ್ನು ಬಿಟ್ಟು ಹುಡುಕುವುದು, ಅದಕ್ಕೂ ಜಗ್ಗದಿದ್ದರೆ ಹೆಸರನ್ನೇ ಬಿಟ್ಟು ಊರು, ವಯಸ್ಸು, ಹೆಂಡತಿಯ ಹೆಸರಿನಿಂದ ಹುಡುಕುವುದು ಹೆಚ್ಚು ಫಲ ಕೊಡುತ್ತದೆ.

1950ರಿಂದ 1850ರವರೆಗೆ: ಜನಗಣತಿಯ ಮೆಟ್ಟಿಲು

ಅಮೆರಿಕದ ಜನಗಣತಿ ಹಾಳೆಗಳು 72 ವರ್ಷ ಕಳೆದ ಮೇಲೆ ಸಾರ್ವಜನಿಕವಾಗುತ್ತವೆ. 1950ರದ್ದು 2022ರ ಏಪ್ರಿಲ್ 1ರಂದು ಬಿಡುಗಡೆಯಾಯಿತು. ಅಲ್ಲಿಂದ ಹತ್ತು ಹತ್ತು ವರ್ಷ ಹಿಂದೆ ಹೋಗಿ. ಫ್ಯಾಮಿಲಿಸರ್ಚ್ ತಾಣದಲ್ಲಿ ಉಚಿತ ಖಾತೆ ತೆರೆದರೆ ಈ ಕೆಲಸದ ಬಹುಪಾಲು ದುಡ್ಡಿಲ್ಲದೆ ಮುಗಿಯುತ್ತದೆ.

ಪ್ರತಿ ಗಣತಿಯಲ್ಲೂ ಕೇಳಿದ ಪ್ರಶ್ನೆ ಬೇರೆ. 1900ರ ಗಣತಿಯಲ್ಲಿ ಹುಟ್ಟಿದ ತಿಂಗಳು, ವರ್ಷ ಇರುತ್ತದೆ; ಹೊರದೇಶದವರಾದರೆ ವಲಸೆ ಬಂದ ವರ್ಷವೂ ಇರುತ್ತದೆ. 1880ರಲ್ಲಿ ತಂದೆ ತಾಯಿಯ ಜನ್ಮಸ್ಥಳ ಮತ್ತು ಮನೆಯ ಯಜಮಾನನಿಗೆ ಏನಾಗಬೇಕು ಎಂಬ ಸಂಬಂಧ ಸಿಗುತ್ತದೆ. 1850 ಮತ್ತು 1870ರಲ್ಲಿ ಆ ಸಂಬಂಧದ ಕಾಲಂ ಇಲ್ಲ. ಒಂದೇ ಮನೆಯಲ್ಲಿದ್ದಾರೆಂದು ಎಲ್ಲರನ್ನೂ ಮಕ್ಕಳೆಂದು ಬರೆದುಕೊಂಡರೆ ಅಣ್ಣನ ಮಗ, ಕೂಲಿಯಾಳು ಎಲ್ಲರೂ ವಂಶವೃಕ್ಷದೊಳಗೆ ನುಗ್ಗುತ್ತಾರೆ. 1890ರದ್ದು ಬಹುಪಾಲು ಇಲ್ಲ. 1921ರ ಬೆಂಕಿಯಲ್ಲಿ ಹಾಳಾಯಿತು. ಆ ಇಪ್ಪತ್ತು ವರ್ಷದ ಕಂದಕವನ್ನು ಊರಿನ ಡೈರೆಕ್ಟರಿ, ತೆರಿಗೆ ಪಟ್ಟಿ, ಮದುವೆ ದಾಖಲೆಗಳಿಂದ ದಾಟಬೇಕು.

ಮರಣಪತ್ರ ಸಿಕ್ಕಿದರೆ ಮಾಹಿತಿ ಕೊಟ್ಟವರು ಯಾರೆಂದು ಮೊದಲು ನೋಡಿ. ಸತ್ತ ದಿನಾಂಕ ಸರಿಯಿರುತ್ತದೆ. ಆದರೆ ಸತ್ತವರ ತಾಯಿಯ ತವರು ಹೆಸರನ್ನು ಹೇಳಿದ್ದು ಅಳಿಯನಾಗಿದ್ದರೆ ಅದನ್ನು ಸುಳಿವು ಎಂದಷ್ಟೇ ಎಣಿಸಿ.

ಒಂದು ಮಾತು ಇಲ್ಲಿಯೇ ಹೇಳಬೇಕು. ಇಂಗ್ಲಿಷ್ ಹೆಸರಿದ್ದ ಮಾತ್ರಕ್ಕೆ ಇಂಗ್ಲಿಷ್ ವಂಶವಲ್ಲ. ಜರ್ಮನಿಯ ಶ್ಮಿಟ್ ಸ್ಮಿತ್ ಆಗಿದ್ದಾನೆ, ಮ್ಯೂಲರ್ ಮಿಲ್ಲರ್ ಆಗಿದ್ದಾನೆ. ಗುಲಾಮಗಿರಿಗೆ ಸಿಕ್ಕ ಆಫ್ರಿಕನ್ನರ ಮಕ್ಕಳು ಮೊಮ್ಮಕ್ಕಳಲ್ಲಿ ಎಷ್ಟೋ ಮಂದಿ ಇಂಗ್ಲಿಷ್ ಹೆಸರುಗಳನ್ನು ಹೊತ್ತಿದ್ದಾರೆ. 1850 ಮತ್ತು 1860ರ ಗುಲಾಮರ ಪಟ್ಟಿಗಳಲ್ಲಿ ಒಡೆಯನ ಹೆಸರಿದೆ. ಗುಲಾಮರಾದವರಿಗೆ ವಯಸ್ಸು, ಲಿಂಗ, ಬಣ್ಣ ಇಷ್ಟೇ. ಅವರೆಲ್ಲರೂ ಹೆಸರು ಸಹಿತ ಕಾಣಿಸಿಕೊಳ್ಳುವ ಮೊದಲ ಗಣತಿ 1870ರದ್ದು. ಅಂಥ ಮನೆತನದ ಹುಡುಕಾಟ ಅಲ್ಲಿಂದ ಒಡೆಯನ ವಿಲ್, ಆಸ್ತಿಪಟ್ಟಿಗಳ ಕಡೆಗೆ ತಿರುಗುತ್ತದೆ, ಇಂಗ್ಲೆಂಡಿನ ಕಡೆಗಲ್ಲ. ಹೆಸರು ಒಂದೇ ಎಂದು ಒಡೆಯನ ವಂಶವನ್ನೇ ತಂದು ಅಂಟಿಸುವುದು ತಪ್ಪು, ಸತ್ತವರಿಗೆ ಮಾಡುವ ಅನ್ಯಾಯ ಕೂಡ.

1850ರ ಹಿಂದೆ: ಜಮೀನು ಮತ್ತು ವಿಲ್

1790ರಿಂದ 1840ರವರೆಗಿನ ಗಣತಿಗಳಲ್ಲಿ ಮನೆಯ ಯಜಮಾನನ ಹೆಸರು ಮಾತ್ರ ಇದೆ. ಉಳಿದವರು ವಯಸ್ಸಿನ ಕಾಲಂನಲ್ಲಿ ಒಂದೊಂದು ಎಣಿಕೆ. ಇಲ್ಲಿಂದ ಮುಂದಿನ ದಾರಿ ಕೌಂಟಿ ಕೋರ್ಟಿನ ಪುಸ್ತಕಗಳದ್ದು. ನಿಜವಾದ ಸಾಕ್ಷ್ಯ ಸಿಗುವುದೂ ಇಲ್ಲಿಯೇ, ಆದ್ದರಿಂದ ಅವಸರ ಬೇಡ.

ಮೊದಲು ಗಡಿ ನೋಡಿ. ಅಧ್ಯಕ್ಷ ಲಿಂಕನ್ ಅವರ ಮುತ್ತಜ್ಜ ಜಾನ್. ಜಾನ್‌ನ ತಂದೆ ಮಾರ್ಡೆಕೈ ಲಿಂಕನ್ ಪೆನ್ಸಿಲ್ವೇನಿಯಾದಲ್ಲಿ ತೀರಿಕೊಂಡದ್ದು 1736ರಲ್ಲಿ. ಅವನ ಮನೆ ಇರುವ ಜಾಗ ಇಂದು ಬರ್ಕ್ಸ್ ಕೌಂಟಿ. ಆದರೆ ಬರ್ಕ್ಸ್ ಹುಟ್ಟಿದ್ದೇ 1752ರಲ್ಲಿ. 1736ರಲ್ಲಿ ಅದು ಫಿಲಡೆಲ್ಫಿಯಾ ಕೌಂಟಿ. ಅವನ ವಿಲ್ಲನ್ನು ಬರ್ಕ್ಸ್ ಪುಸ್ತಕಗಳಲ್ಲಿ ಹುಡುಕಿ "ಇಲ್ಲ" ಎಂದು ಎದ್ದುಬಂದರೆ ದಾಖಲೆಯ ದೋಷವಲ್ಲ. ರಾಕಿಂಗ್‌ಹ್ಯಾಮ್ ಕೌಂಟಿಯೂ ಹಾಗೆಯೇ, 1778ಕ್ಕೆ ಮುಂಚೆ ಅದು ಆಗಸ್ಟಾ ಕೌಂಟಿಯ ಭಾಗ. ನಮ್ಮಲ್ಲಿ ತಾಲ್ಲೂಕು ಒಡೆದು ಹೊಸ ತಾಲ್ಲೂಕಾದಾಗ ಹಳೆಯ ಕಾಗದ ಹಳೆಯ ಕಚೇರಿಯಲ್ಲೇ ಉಳಿಯುವಂತೆ ಎಂದುಕೊಳ್ಳಿ. ಪ್ರತಿ ಪೂರ್ವಜನ ಪಕ್ಕದಲ್ಲೂ 'ಆ ವರ್ಷ ಯಾವ ಕೌಂಟಿ' ಎಂದು ಬರೆದಿಡಿ.

ಎರಡನೆಯದು, ವಿಲ್ ಮತ್ತು ಕ್ರಯಪತ್ರವನ್ನು ಜೋಡಿಯಾಗಿ ಓದುವುದು. ಮಾರ್ಡೆಕೈ ತನ್ನ ವಿಲ್‌ನಲ್ಲಿ ಮಗ ಜಾನ್‌ಗೆ ನ್ಯೂ ಜೆರ್ಸಿಯಲ್ಲಿದ್ದ 300 ಎಕರೆ ಜಮೀನು ಬಿಟ್ಟ. ಜಾನ್ ಲಿಂಕನ್ ಎಂಬಾತ 1748ರಲ್ಲಿ ಅದೇ ಜಮೀನನ್ನು ಮಾರಿದ. ಜಮೀನು ಒಂದೇ ಆದ್ದರಿಂದ ಮನುಷ್ಯನೂ ಅವನೇ. ಆ ಜಾನ್ ಮುಂದೆ ವರ್ಜೀನಿಯಾಕ್ಕೆ ಹೋದ. ಅವನ ಮಗ ಅಬ್ರಹಾಂ ಕೆಂಟಕಿಗೆ ಹೋಗಿ 1786ರಲ್ಲಿ ಕೊಲೆಯಾದ. ಆ ಅಬ್ರಹಾಮನ ಮಗ ಥಾಮಸ್, ಥಾಮಸನ ಮಗ ಅಧ್ಯಕ್ಷ. ಹೆಸರು ಹೊಂದಿಕೆ ಸಾಧಿಸಲಾಗದ್ದನ್ನು ಒಂದು ತುಂಡು ನೆಲ ಸಾಧಿಸಿಕೊಟ್ಟಿತು.

ಇದರಿಂದ ಒಂದು ಅಭ್ಯಾಸ ಬೆಳೆಸಿಕೊಳ್ಳಿ. ಒಂದೇ ಹೆಸರಿನ ಇಬ್ಬರು ಕಂಡಾಗ ಹೆಂಡತಿಯ ಹೆಸರು, ಸಹಿಯೋ ಹೆಬ್ಬೆಟ್ಟಿನಂಥ ಗುರುತೋ, ಕಸುಬು, ಜಮೀನಿನ ಚಕ್ಕುಬಂದಿ, ಸಾಕ್ಷಿ ಹಾಕಿದವರು ಈ ಐದನ್ನೂ ಹೋಲಿಸಿ ನೋಡಿ. ಕನಿಷ್ಠ ಎರಡು ಕೂಡದೆ ಇಬ್ಬರನ್ನು ಒಬ್ಬನನ್ನಾಗಿ ಮಾಡಬೇಡಿ. 'ಸೀನಿಯರ್', 'ಜೂನಿಯರ್' ಎಂದಿದ್ದರೆ ಅಪ್ಪ ಮಗ ಎಂದು ನಂಬಬೇಡಿ. ಆ ಕಾಲದಲ್ಲಿ ಒಂದೇ ಊರಿನ ಹಿರಿಯ, ಕಿರಿಯ ಎಂಬಷ್ಟೇ ಅರ್ಥವಿತ್ತು. ಹಿರಿಯನು ಸತ್ತ ಮೇಲೆ ಜೂನಿಯರ್ ಆಗಿದ್ದವನೇ ಸೀನಿಯರ್ ಆಗುತ್ತಿದ್ದ.

ಕಡಲು ದಾಟಿದ ಕ್ಷಣ

1820ರಿಂದ ಹಡಗಿನ ಪ್ರಯಾಣಿಕರ ಪಟ್ಟಿ ಕೊಡುವುದು ಕಡ್ಡಾಯವಾಯಿತು. ನ್ಯೂಯಾರ್ಕಿಗೆ ಬಂದವರಾದರೆ ಅವರು ಹಾದುಹೋದ ವಲಸೆ ಕೇಂದ್ರ 1855ರಿಂದ 1890ರವರೆಗೆ ಕ್ಯಾಸಲ್ ಗಾರ್ಡನ್, 1892ರಿಂದ ಎಲ್ಲಿಸ್ ಐಲ್ಯಾಂಡ್. ಎಲ್ಲಿಸ್ ಐಲ್ಯಾಂಡಿನ ಅಧಿಕಾರಿ ಹೆಸರು ಬದಲಿಸಿದನೆಂಬ ಕಥೆ ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ, ಅದು ನಿಜವಲ್ಲ. ಪಟ್ಟಿ ತಯಾರಾಗುತ್ತಿದ್ದದ್ದು ಹಡಗು ಹೊರಡುವ ಬಂದರಿನಲ್ಲಿ. ಎಲ್ಲಿಸ್ ಐಲ್ಯಾಂಡಿನವರು ಅದನ್ನು ನೋಡಿ ಪರಿಶೀಲಿಸುತ್ತಿದ್ದರು. ಹೆಸರು ಬದಲಾಗಿದ್ದರೆ ಆಮೇಲೆ, ಜನ ತಾವಾಗಿ ಬದಲಿಸಿಕೊಂಡದ್ದು. ಪೌರತ್ವದ ಕಾಗದಗಳನ್ನೂ ನೋಡಿ: 1906ರ ಸೆಪ್ಟೆಂಬರಿನ ನಂತರದವುಗಳಲ್ಲಿ ಹುಟ್ಟಿದ ಊರು, ಬಂದ ಹಡಗು ಇರುತ್ತವೆ, ಅದಕ್ಕೆ ಹಿಂದಿನವುಗಳಲ್ಲಿ ಹೆಚ್ಚಾಗಿ ದೇಶದ ಹೆಸರಷ್ಟೇ.

ವಸಾಹತು ಕಾಲಕ್ಕೆ ಹೋದರೆ ಪಟ್ಟಿಗಳು ಅಲ್ಲೊಂದು ಇಲ್ಲೊಂದು. ಹಾಗಾಗಿ ಯಾವ ಪ್ರವಾಹದಲ್ಲಿ ಬಂದಿರಬಹುದೆಂದು ಮೊದಲು ಅಂದಾಜು ಮಾಡಿಕೊಳ್ಳಬೇಕು. 1620ರಿಂದ 1640ರ ನಡುವೆ ಸುಮಾರು 20,000 ಜನ ನ್ಯೂ ಇಂಗ್ಲೆಂಡಿಗೆ ಬಂದರು, ಕುಟುಂಬ ಸಮೇತ, ನಾರ್ಫೋಕ್, ಸಫೋಕ್, ಎಸೆಕ್ಸ್ ಕಡೆಯವರೇ ಹೆಚ್ಚು. ವರ್ಜೀನಿಯಾ, ಮೇರಿಲ್ಯಾಂಡಿಗೆ ಲಂಡನ್ ಮತ್ತು ಬ್ರಿಸ್ಟಲ್ ಬಂದರಿನಿಂದ ಬಂದವರಲ್ಲಿ ಬಹುಪಾಲು ಕರಾರಿನ ಆಳುಗಳು, ಹರೆಯದ ಒಂಟಿ ಹುಡುಗರು. ಬ್ರಿಸ್ಟಲ್‌ನಲ್ಲಿ 1654ರಿಂದ 1686ರವರೆಗೆ ಇಂಥ 10,000ಕ್ಕೂ ಹೆಚ್ಚು ಆಳುಗಳ ಹೆಸರು ದಾಖಲಾಗಿದೆ. 1682ರಿಂದ ಪೆನ್ಸಿಲ್ವೇನಿಯಾಕ್ಕೆ ಕ್ವೇಕರರು ಎಂಬ ಕ್ರೈಸ್ತ ಪಂಥದವರು ಬಂದರು. ಒಂದೂರಿನಿಂದ ಇನ್ನೊಂದೂರಿಗೆ ಹೋಗುವ ಸದಸ್ಯರಿಗೆ ಅವರ ಸಭೆಗಳು ಕೊಟ್ಟ ಪತ್ರಗಳು ಚಿನ್ನದಂಥ ಸಾಕ್ಷ್ಯ. 1718ರ ಕಾಯ್ದೆಯಿಂದ 1775ರವರೆಗೆ ಸುಮಾರು 50,000 ಕೈದಿಗಳನ್ನು ಗಡೀಪಾರು ಮಾಡಲಾಯಿತು. ಅಂಥ ಪೂರ್ವಜ ಸಿಕ್ಕರೆ ನಾಚಿಕೆ ಬೇಡ. ಕೋರ್ಟಿನ ದಾಖಲೆ ಇರುವುದರಿಂದ ಅವನ ಊರು ಗೊತ್ತಾಗುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು.

ಅಮೆರಿಕದ ಲಿಂಕನ್ನರ ಮೂಲಪುರುಷ ಸ್ಯಾಮ್ಯುಯೆಲ್ ಲಿಂಕನ್ ಹೊರಟಿದ್ದು 1637ರ ವಸಂತದಲ್ಲಿ, ಗ್ರೇಟ್ ಯಾರ್ಮತ್ ಬಂದರಿನಿಂದ. ನಾರ್ವಿಚ್‌ನ ನೇಕಾರ ಫ್ರಾನ್ಸಿಸ್ ಲಾಸ್ ಎಂಬವನ ಕೈಕೆಳಗಿನ ಆಳಾಗಿ ಅವನ ಹೆಸರು ಪಟ್ಟಿಯಲ್ಲಿದೆ, ವಯಸ್ಸು 18 ಎಂದಿದೆ. ಆದರೆ ಹಿಂಗಮ್ ಚರ್ಚಿನಲ್ಲಿ ಅವನ ದೀಕ್ಷಾಸ್ನಾನ ದಾಖಲಾದದ್ದು 1622ರ ಆಗಸ್ಟ್ 24ರಂದು. ಅಂದರೆ ಹದಿನೈದೂ ತುಂಬಿರಲಿಲ್ಲ. ಬರೀ ವಯಸ್ಸನ್ನು ನಂಬಿ 1619ರ ಆಸುಪಾಸಿನಲ್ಲಿ ಹುಡುಕಿದವರಿಗೆ ಅವನು ಸಿಗುತ್ತಿರಲಿಲ್ಲ. ಹಳೆಯ ಪಟ್ಟಿಯ ವಯಸ್ಸಿಗೆ ಆಚೆ ಈಚೆ ಐದು ವರ್ಷ ಸಡಿಲ ಬಿಡಿ.

ನೆರೆಹೊರೆಯವರನ್ನು ಹಿಡಿಯಿರಿ

ಇಂಗ್ಲೆಂಡಿನ ಊರು ಗೊತ್ತಾಗದೆ ಕೆಲಸ ನಿಂತಾಗ ಪೂರ್ವಜನನ್ನು ಬಿಟ್ಟು ಅವನ ಸುತ್ತಲಿನವರನ್ನು ಹುಡುಕಿ. ಜನ ಒಂಟಿಯಾಗಿ ವಲಸೆ ಹೋಗುತ್ತಿರಲಿಲ್ಲ. ಊರಿಗೂರೇ, ಅಣ್ಣನ ಹಿಂದೆ ತಮ್ಮ, ಪಾದ್ರಿಯ ಹಿಂದೆ ಸಭೆ ಹೋಗುತ್ತಿತ್ತು. ಮ್ಯಾಸಚೂಸೆಟ್ಸ್‌ನ ಹಿಂಗಮ್ ಇದಕ್ಕೆ ಕಣ್ಣಮುಂದಿನ ನಿದರ್ಶನ. 1635ರಲ್ಲಿ ಹಳೆಯ ಊರಿನ ಹೆಸರನ್ನೇ ಹೊಸ ಊರಿಗಿಟ್ಟರು. ಪಾದ್ರಿ ಪೀಟರ್ ಹೋಬರ್ಟ್, ಆಮೇಲೆ 1638ರಲ್ಲಿ ಹಳೆಯ ಹಿಂಗಮ್‌ನ ಪಾದ್ರಿ ರಾಬರ್ಟ್ ಪೆಕ್, ಎಲ್ಲರೂ ಅಲ್ಲಿಯವರೇ. ಸ್ಯಾಮ್ಯುಯೆಲ್‌ನ ಅಣ್ಣ ನೇಕಾರ ಥಾಮಸ್ ಮೊದಲೇ ಬಂದಿದ್ದ. ಊರಿನ ಗುಮಾಸ್ತ ಡೇನಿಯಲ್ ಕುಶಿಂಗ್ ಹಳೆಯ ಹಿಂಗಮ್ ಮತ್ತು ಅಕ್ಕಪಕ್ಕದಿಂದ ಬಂದವರ ಪಟ್ಟಿಯನ್ನೇ ಬರೆದಿಟ್ಟ.

ಮಾಡುವುದು ಹೇಗೆಂದರೆ, ಪೂರ್ವಜ ಅಮೆರಿಕದಲ್ಲಿ ಬದುಕಿದ್ದ ಮೊದಲ ಹತ್ತು ವರ್ಷಗಳಲ್ಲಿ ಅವನ ಕಾಗದಗಳಿಗೆ ಸಾಕ್ಷಿ ಹಾಕಿದವರು, ಪಕ್ಕದ ಜಮೀನಿನವರು, ಬೀಗರು, ಜೊತೆಗೆ ಪ್ರಮಾಣ ಮಾಡಿದವರು ಹೀಗೆ ಹನ್ನೆರಡು ಜನರ ಪಟ್ಟಿ ಮಾಡಿ. ಅವರಲ್ಲಿ ಅಪರೂಪದ ಹೆಸರಿನವರನ್ನು ಮೊದಲು ಆರಿಸಿಕೊಳ್ಳಿ. ಸ್ಮಿತ್‌ನ ಊರು ಹುಡುಕುವುದಕ್ಕಿಂತ ಅವನ ಸಾಕ್ಷಿಯಾದ ಕುಶಿಂಗ್‌ನ ಊರು ಹುಡುಕುವುದು ಸುಲಭ.

ಇಂಗ್ಲೆಂಡಿನೊಳಗೆ

19ನೇ ಶತಮಾನದ ವಲಸೆಯಾದರೆ ದಾರಿ ನೇರ. 1837ರ ಜುಲೈ 1ರಿಂದ ಜನನ, ಮರಣ, ಮದುವೆಗಳ ಸರ್ಕಾರಿ ನೋಂದಣಿ ಇದೆ. 1851ರ ಗಣತಿಯಲ್ಲಿ ಹುಟ್ಟಿದ ಪ್ಯಾರಿಷ್, ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರು, ಬರೆದಿರುತ್ತದೆ. 1841ರದ್ದನ್ನು ಎಚ್ಚರದಿಂದ ಓದಿ. 15 ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆದಿದ್ದಾರೆ, 39 ಇದ್ದವನು 35 ಆಗಿರುತ್ತಾನೆ.

ಅದಕ್ಕೂ ಹಿಂದೆ ಹೋದರೆ ಚರ್ಚಿನ ಪುಸ್ತಕಗಳು. ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಪ್ರತಿ ಪ್ಯಾರಿಷ್ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಬರೆದಿಡಬೇಕೆಂದು ಆಜ್ಞೆ ಮಾಡಿದ. ಎಲ್ಲ ಊರಿನದ್ದೂ ಅಲ್ಲಿಂದಲೇ ಉಳಿದಿಲ್ಲ. 1598ರಿಂದ ವರ್ಷಕ್ಕೊಂದು ನಕಲನ್ನು ಬಿಷಪ್ಪರಿಗೆ ಕಳಿಸಬೇಕಿತ್ತು. ಮೂಲ ಪುಸ್ತಕ ಗೆದ್ದಲು ತಿಂದಿದ್ದರೆ ಈ ನಕಲನ್ನು ಕೇಳಿ. ಕೌಂಟಿಯ ದಾಖಲೆ ಕಚೇರಿಯಲ್ಲಿರುತ್ತದೆ. 1642ರಿಂದ 1660ರವರೆಗಿನ ಅಂತರ್ಯುದ್ಧ ಮತ್ತು ಆಮೇಲಿನ ಗಣರಾಜ್ಯದ ಕಾಲದಲ್ಲಿ ಬಹಳ ಕಡೆ ದಾಖಲೆಯೇ ಖಾಲಿ.

ಸರಿಯಾದ ಹೆಸರು, ಸರಿಯಾದ ವರ್ಷದ ದೀಕ್ಷಾಸ್ನಾನ ಸಿಕ್ಕಿದೊಡನೆ ಕುಣಿಯಬೇಡಿ. ಅದೇ ಪುಸ್ತಕದ ಶವಸಂಸ್ಕಾರದ ಪುಟಗಳನ್ನು ಮುಂದಿನ ಇಪ್ಪತ್ತು ವರ್ಷದವರೆಗೆ ಓದಿ. ಆ ಮಗು ಎರಡನೇ ವರ್ಷಕ್ಕೇ ತೀರಿಕೊಂಡಿರಬಹುದು. ಬದುಕಿ ಅಲ್ಲೇ ಮದುವೆಯಾಗಿ ಸತ್ತಿದ್ದರೂ ಅವನು ಅಮೆರಿಕಕ್ಕೆ ಹೋದವನಲ್ಲ. ಈ ಒಂದು ಪರೀಕ್ಷೆಯನ್ನು ಮಾಡದ ಕಾರಣಕ್ಕೆ ಅಂತರ್ಜಾಲದ ವಂಶವೃಕ್ಷಗಳಲ್ಲಿ ಅರ್ಧಕ್ಕೆ ಸತ್ತ ಮಕ್ಕಳು ಕಡಲು ದಾಟಿದ್ದಾರೆ.

ದಿನಾಂಕದ ತೊಡಕು ಬೇರೆ. 1752ಕ್ಕೆ ಮುಂಚೆ ಇಂಗ್ಲೆಂಡ್ ಮತ್ತು ವಸಾಹತುಗಳಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ರಂದು. ಜಾರ್ಜ್ ವಾಷಿಂಗ್ಟನ್ ಹುಟ್ಟಿದ್ದು ಅಂದಿನ ಲೆಕ್ಕದಲ್ಲಿ 1731ರ ಫೆಬ್ರವರಿ 11, ಇಂದಿನ ಲೆಕ್ಕದಲ್ಲಿ 1732ರ ಫೆಬ್ರವರಿ 22. ಮೇ 1650ರಲ್ಲಿ ಮದುವೆ, ಫೆಬ್ರವರಿ 1650ರಲ್ಲಿ ಮಗು ಎಂದು ಕಂಡರೆ ತಪ್ಪು ತಿಳಿಯಬೇಡಿ; ಆ ಫೆಬ್ರವರಿ ಮೇ ತಿಂಗಳ ನಂತರದ್ದು. ಇಂಥ ತಾರೀಖುಗಳನ್ನು 1650/51 ಎಂದು ಎರಡೂ ವರ್ಷ ಹಾಕಿ ಬರೆದಿಡುವುದು ವಾಡಿಕೆ. 1733ಕ್ಕೆ ಮುಂಚಿನ ಕೋರ್ಟ್ ಕಾಗದಗಳು ಹೆಚ್ಚಾಗಿ ಲ್ಯಾಟಿನ್‌ನಲ್ಲಿವೆ: ಗುಲಿಯೆಲ್ಮುಸ್ ಎಂದರೆ ವಿಲಿಯಂ, ಜಾಕೋಬುಸ್ ಎಂದರೆ ಜೇಮ್ಸ್.

ಇಂಗ್ಲೆಂಡಿನಲ್ಲೂ ಗೆಲ್ಲಿಸುವುದು ವಿಲ್ಲೇ. ಕ್ಯಾಂಟರ್‌ಬರಿಯ ಧರ್ಮಪೀಠದ ನ್ಯಾಯಾಲಯ 1858ರ ಜನವರಿಯವರೆಗೆ ಒಪ್ಪಿದ ವಿಲ್‌ಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲೆಗಾರದಲ್ಲಿವೆ, ಸೂಚಿಯನ್ನು ಮನೆಯಿಂದಲೇ ಹುಡುಕಬಹುದು. ವಲಸೆ ಹೋದವನ ವಿಲ್ಲಿಗಿಂತ ಊರಲ್ಲಿ ಉಳಿದ ಅಣ್ಣ, ಸೋದರತ್ತೆ, ಮಕ್ಕಳಿಲ್ಲದ ದೊಡ್ಡಪ್ಪನ ವಿಲ್ ಓದಿ. "ನ್ಯೂ ಇಂಗ್ಲೆಂಡಿನಲ್ಲಿರುವ ನನ್ನ ತಮ್ಮನಿಗೆ ಐದು ಪೌಂಡು" ಎಂಬಂಥ ಒಂದು ಸಾಲು ಎರಡು ಖಂಡಗಳನ್ನು ಜೋಡಿಸುತ್ತದೆ.

ವಾಷಿಂಗ್ಟನ್ ಮನೆತನದ ಪಾಠವನ್ನು ಇಲ್ಲಿ ನೆನೆಯಬೇಕು. 1792ರಲ್ಲಿ ಜಾರ್ಜ್ ವಾಷಿಂಗ್ಟನ್ ಬರೆದ ಪತ್ರದಂತೆ ಮೂಲಪುರುಷ ಜಾನ್ 1657ರ ಸುಮಾರಿಗೆ ಇಂಗ್ಲೆಂಡಿನ ಉತ್ತರದ ಯಾವುದೋ ಕೌಂಟಿಯಿಂದ ಬಂದವನು. ಪತ್ರ ಹೋಗಿದ್ದು ಇಂಗ್ಲೆಂಡಿನ ಮನೆತನಗಳ ಲಾಂಛನಗಳ ಅಧಿಕಾರಿ ಐಸಾಕ್ ಹರ್ಡ್‌ಗೆ. ಹೆಸರು ಹೊಂದುವ ಜಾನ್ ಮತ್ತು ಲಾರೆನ್ಸ್ ಎಂಬ ಅಣ್ಣತಮ್ಮಂದಿರನ್ನು ಹಿಡಿದು ಆತ ವಂಶಾವಳಿ ಕಟ್ಟಿದ. ಆ ಜಾನ್ ಸರ್ ಪದವಿ ಪಡೆದು ಇಂಗ್ಲೆಂಡಿನಲ್ಲೇ ಉಳಿದಿದ್ದವನು, ಅಮೆರಿಕದ ಜಾನ್ ಅಲ್ಲ ಎಂದು ವಂಶಾವಳಿ ಸಂಶೋಧಕ ಜೋಸೆಫ್ ಚೆಸ್ಟರ್ 1866ರಲ್ಲಿ ತೋರಿಸಿದರು. 1889ರಲ್ಲಿ ಇನ್ನೊಬ್ಬ ಸಂಶೋಧಕ ಹೆನ್ರಿ ವಾಟರ್ಸ್ ವಿಲ್‌ಗಳನ್ನು ಸೋಸಿ, ಜಾನ್ ಎಸೆಕ್ಸ್‌ನ ಪರ್ಲೀ ಊರಿನ ಪಾದ್ರಿ ಲಾರೆನ್ಸನ ಮಗ ಎಂಬ ಸರಿಯಾದ ಎಳೆ ಹಿಡಿದರು. ಮನೆಯ ನೆನಪು ಪೂರ್ತಿ ಸುಳ್ಳಲ್ಲ. ಹೆಸರು ಹುಟ್ಟಿದ್ದು ಉತ್ತರದ ಡರಮ್ ಕೌಂಟಿಯ ವಾಷಿಂಗ್ಟನ್ ಎಂಬ ಊರಿನಲ್ಲಿ, 12ನೇ ಶತಮಾನದಲ್ಲಿ. ಹಡಗು ಹತ್ತಿದವನು ಬೆಳೆದದ್ದು ಮಾತ್ರ ತೆಂಕಣದಲ್ಲಿ.

'ನಿಮ್ಮ ಹೆಸರಿನ ಲಾಂಛನ' ಎಂದು ಮಾರುವ ಚೌಕಟ್ಟುಗಳಿಗೆ ದುಡ್ಡು ಹಾಕಬೇಡಿ. ಇಂಗ್ಲೆಂಡಿನಲ್ಲಿ ಲಾಂಛನ ಸಿಗುವುದು ವ್ಯಕ್ತಿಗೆ ಮತ್ತು ಅವನ ಸಂತತಿಗೆ, ಹೆಸರಿಗಲ್ಲ.

ಈಗ ಹೆಸರಿನ ಮೂಲ

ಪ್ಯಾರಿಷ್ ಗೊತ್ತಾದ ಮೇಲೆ ಮೊದಲ ಪ್ರಶ್ನೆಗೆ ಬನ್ನಿ. ಇಂಗ್ಲಿಷ್ ಹೆಸರುಗಳು ಸ್ಥೂಲವಾಗಿ ನಾಲ್ಕು ಬಗೆ: ಊರಿನಿಂದ, ಕಸುಬಿನಿಂದ, ತಂದೆಯ ಹೆಸರಿನಿಂದ, ಮೈಬಣ್ಣ ಅಥವಾ ಗುಣದಿಂದ. ಸ್ಮಿತ್ ಎಂದರೆ ಕಮ್ಮಾರ, ರೈಟ್ ಎಂದರೆ ಬಡಗಿ. ಉತ್ತರ ಕರ್ನಾಟಕದ ಕಂಬಾರ, ಬಡಿಗೇರ ಹೆಸರುಗಳಂತೆಯೇ ಇವೂ ನೂರಾರು ಕಡೆ ಬೇರೆ ಬೇರೆಯಾಗಿ ಹುಟ್ಟಿವೆ. ಅವುಗಳಿಗೆ 'ಒಂದು ಮೂಲ' ಹುಡುಕುವುದು ವ್ಯರ್ಥ. ಒಂದೇ ಕುಗ್ರಾಮದಿಂದ ಬಂದ ಅಪರೂಪದ ಹೆಸರಿಗೆ ಮಾತ್ರ ಆ ಆಸೆ ಇಟ್ಟುಕೊಳ್ಳಬಹುದು.

1881ರ ಗಣತಿಯಲ್ಲಿ ಆ ಹೆಸರಿನವರು ಯಾವ ಕೌಂಟಿಯಲ್ಲಿ ಎಷ್ಟಿದ್ದರೆಂದು ಎಣಿಸಿ. ಬರೀ ಎಣಿಕೆ ಮೋಸ ಮಾಡುತ್ತದೆ; ಲಂಡನ್ನಿನಲ್ಲಿ ಎಲ್ಲ ಹೆಸರೂ ಹೆಚ್ಚಿರುತ್ತವೆ. ಆದ್ದರಿಂದ ಲಕ್ಷ ಜನರಿಗೆ ಎಷ್ಟು ಎಂದು ಲೆಕ್ಕ ಹಾಕಿ. ಆಮೇಲೆ 1662ರಿಂದ 1689ರವರೆಗಿನ ಒಲೆ ತೆರಿಗೆ ಪಟ್ಟಿ, 1377, 1379 ಮತ್ತು 1381ರ ತಲೆ ತೆರಿಗೆ ಪಟ್ಟಿಗಳಲ್ಲಿ ಅದೇ ಸೀಮೆಯನ್ನು ನೋಡಿ. ಮೂರು ಕಾಲದ ಚುಕ್ಕಿಗಳೂ ಒಂದೇ ಕಡೆ ಗುಂಪುಗೂಡಿದರೆ ಹೆಸರಿನ ತವರು ಅಲ್ಲಿಯೇ ಇರುವ ಸಾಧ್ಯತೆ ಗಟ್ಟಿಯಾಗುತ್ತದೆ. ಅರ್ಥವನ್ನು ಇಂದಿನ ಕಾಗುಣಿತದಿಂದ ಬಿಡಿಸಬೇಡಿ, ಸಿಕ್ಕ ಅತಿ ಹಳೆಯ ರೂಪದಿಂದ ಬಿಡಿಸಿ.

ಡಿಎನ್‌ಎ ಯಾವಾಗ

ಕಾಗದದ ಕೆಲಸ ಮುಗಿದ ಮೇಲೆ. ಗಂಡಸರಲ್ಲಿ ಮಾತ್ರ ಇರುವ ವೈ-ಡಿಎನ್‌ಎ ಮನೆತನದ ಹೆಸರಿನಂತೆ ತಂದೆಯಿಂದ ಮಗನಿಗೆ ಇಳಿಯುತ್ತದೆ. ಹೆಣ್ಣುಮಕ್ಕಳು ತಂದೆ, ಅಣ್ಣತಮ್ಮ, ಚಿಕ್ಕಪ್ಪ ಅಥವಾ ಅವರ ಮಗನನ್ನು ಕೇಳಿಕೊಳ್ಳಬೇಕು. ಒಬ್ಬರ ಪರೀಕ್ಷೆಯಿಂದ ಏನೂ ತೀರ್ಮಾನವಾಗದು. ಮೂಲಪುರುಷನ ಇಬ್ಬರು ಬೇರೆ ಬೇರೆ ಗಂಡುಮಕ್ಕಳ ಸಂತತಿಯಿಂದ ಒಬ್ಬೊಬ್ಬರು, ಸಾಧ್ಯವಾದರೆ ಇಂಗ್ಲೆಂಡಿನಲ್ಲಿ ಉಳಿದ ಕವಲಿನಿಂದ ಒಬ್ಬರು ಬೇಕು. ವೈ-ಡಿಎನ್‌ಎಯ 37 ಗುರುತುಗಳನ್ನು ಹೋಲಿಸುವ ಪರೀಕ್ಷೆಯಿಂದ ಶುರುಮಾಡಿ, ಹೊಂದಿದರೆ ಮಾತ್ರ ಮುಂದಿನದಕ್ಕೆ ದುಡ್ಡು ಹಾಕಿ. ಹೊಂದದಿದ್ದರೆ ಎಲ್ಲೋ ದತ್ತು, ಮರುಮದುವೆ, ಮದುವೆಯಾಚೆಯ ಮಗು ಇರಬಹುದು. ಪರೀಕ್ಷೆಗೆ ಎಂಜಲು ಕೊಡುವವರಿಗೆ ಇದನ್ನು ಮೊದಲೇ ತಿಳಿಸಿ ಒಪ್ಪಿಗೆ ಪಡೆಯುವುದು ನಿಮ್ಮ ಹೊಣೆ.

ಕೊನೆಗೊಂದು ಸಂಗತಿ, ಬೆಂಗಳೂರು ಮತ್ತು ಕೋಲಾರದ ಚಿನ್ನದ ಗಣಿ ಸೀಮೆಯ ಆಂಗ್ಲೋ ಇಂಡಿಯನ್ ಮನೆಗಳವರಿಗೆ. ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನ ಗಣಿಗಾರರು ಮಿಷಿಗನ್ನಿನ ತಾಮ್ರದ ಗಣಿಗಳಿಗೂ ಹೋದರು, ಕೆಜಿಎಫ್‌ಗೂ ಬಂದರು. ಹಾಗಾಗಿ ಅಮೆರಿಕದಲ್ಲಿ ನಿಂತುಹೋದ ಕಾರ್ನಿಷ್ ಹೆಸರಿನ ಎಳೆ ಇಲ್ಲಿನ ಚರ್ಚಿನ ಪುಸ್ತಕದಲ್ಲಿ ಸಿಕ್ಕರೆ ಆಶ್ಚರ್ಯವಿಲ್ಲ. ಮದ್ರಾಸ್ ಪ್ರೆಸಿಡೆನ್ಸಿಯ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳ ನಕಲುಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಎನ್/2 ಎಂಬ ಸರಣಿಯಲ್ಲಿವೆ. ಬಂಗಾಳದ್ದು ಎನ್/1, ಬೊಂಬಾಯಿಯದು ಎನ್/3.